ದೊಡ್ಡ ಗಾಡಿ: ಅಂದಕ್ಕೋ, ಕೆಲಸಕ್ಕೋ?

ಈ ಸಲ ಬಂದ ಪತ್ರಗಳಲ್ಲಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಗಾಡಿಗಳ ಪ್ರಶ್ನೆಗಳೇ ಜಾಸ್ತಿ. ಅದರಲ್ಲಿ ನಾಲ್ಕನ್ನು ಆರಿಸಿದ್ದೇವೆ.

ಪ್ರಶ್ನೆ: ನಮ್ಮದು ಕಾಫಿ ತೋಟ. ಟಾರ್ ರೋಡಿನಿಂದ ಮನೆವರೆಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಒಂದು ಕಡೆ ಪೂರ್ತಿ ಹುದುಲು, ಅದು ದಾಟಿದ ತಕ್ಷಣ ಕಡಿದಾದ ಏರು. ಹಳೇ ಜೀಪ್ ಕೊಟ್ಟು ಹೊಸದು ತಗೊಳ್ಳೋಣ ಅಂತಿದ್ದೇವೆ. ಮಗನಿಗೆ ಮಹೀಂದ್ರ ಥಾರ್ ರಾಕ್ಸ್ ಟಾಪ್ ಮಾಡೆಲ್ಲೇ ಬೇಕು, ದೊಡ್ಡ ಅಲಾಯ್ ವೀಲ್ ಇರೋದು. ನನಗೆ ಮಾರುತಿ ಜಿಮ್ನಿ ಸಾಕು ಅನ್ನಿಸುತ್ತೆ. ನೀವೇ ಹೇಳಿ ಸರ್. (ಮೂಡಿಗೆರೆ)

ಉತ್ತರ: ಮೊದಲಿಗೆ ಒಂದು ಸಮಾಧಾನದ ವಿಷಯ. ಎರಡೂ ನಿಜವಾಗಿ ಕೆಲಸ ಮಾಡುವ ಗಾಡಿಗಳೇ. ಎರಡಕ್ಕೂ ಲ್ಯಾಡರ್ ಫ್ರೇಮ್ ಚಾಸಿ, ಅಂದ್ರೆ ಏಣಿಯಂಥ ಗಟ್ಟಿ ಉಕ್ಕಿನ ಚೌಕಟ್ಟು ಇದೆ, ಫೋರ್ ಬೈ ಫೋರ್‌ನಲ್ಲಿ ನಿಧಾನವಾಗಿ ಜೋರು ಎಳೆಯೋ ಲೋ ಗೇರ್ ಇದೆ. ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಸಿಗೋದು ಡೀಸೆಲ್‌ನಲ್ಲಿ ಮಾತ್ರ, ಅದು ನೆನಪಿರಲಿ. ಹಾಗಾಗಿ ಮಗ ಕೇಳಿದ್ದು ತಪ್ಪಲ್ಲ. ಅವರು ಕೇಳ್ತಿರೋ ಚಕ್ರದ ಬಗ್ಗೆ ಮಾತ್ರ ನನ್ನ ತಕರಾರು.

ಟೈರಿನ ಪಕ್ಕದಲ್ಲಿ ಬರೆದಿರೋ ನಂಬರ್ ಒಂದ್ಸಲ ಓದಿ. ರಾಕ್ಸ್ ಟಾಪ್ ಮಾಡೆಲ್‌ನಲ್ಲಿ 255/60 ಆರ್19 ಅಂತಿರುತ್ತೆ. ಟೈರಿನ ಅಗಲ 255 ಮಿಲಿಮೀಟರ್, ಪಕ್ಕದ ರಬ್ಬರ್ ಗೋಡೆಯ ಎತ್ತರ ಅದರ ಶೇಕಡಾ 60, ಅಂದ್ರೆ 153 ಮಿಲಿಮೀಟರ್. ಕೊನೆಯ 19 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಕೆಳಗಿನ ವೇರಿಯಂಟ್‌ಗಳ 18 ಇಂಚಿನ ಚಕ್ರಕ್ಕೆ 255/65 ಟೈರು, ಗೋಡೆ 166 ಆಯ್ತು. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನ ಕೆಳಗಿನ ಮಾಡೆಲ್‌ಗೆ 245/75 ಆರ್16 ಇತ್ತು, ಅದರ ಗೋಡೆ 184. ಕಲ್ಲಿಗೂ ರಿಮ್ಮಿಗೂ ನಡುವೆ ಇರೋದು ಈ ರಬ್ಬರ್ ಒಂದೇ. ಹುದುಲಲ್ಲಿ ಸಿಕ್ಕಿಹಾಕಿಕೊಂಡಾಗ ಗಾಳಿ ಇಳಿಸಿದರೆ ಟೈರು ಚಪ್ಪಟೆಯಾಗಿ ಹಿಡಿತ ಸಿಗುತ್ತೆ ಅಲ್ವಾ, ಅದಕ್ಕೂ ಈ ಗೋಡೆ ಎತ್ತರ ಇರಬೇಕು. ರಿಮ್ ದೊಡ್ಡದಾದಷ್ಟೂ ರಬ್ಬರ್ ಕಡಿಮೆ. ಶೋರೂಮಿನಲ್ಲಿ ನೋಡೋಕೆ ಚೆಂದ, ಚೂಪುಗಲ್ಲಿನ ಮೇಲೆ ಕಷ್ಟ. ಅದೂ ಅಲ್ಲದೆ ಜುಲೈ ತಿಂಗಳಲ್ಲಿ ಟೈರ್ ಕೊಯ್ದುಹೋದರೆ ಹತ್ತಿರದ ಅಂಗಡಿಯಲ್ಲಿ ಆ ಸೈಜು ಸಿಗುತ್ತಾ ಅಂತ ಬುಕ್ ಮಾಡೋಕೆ ಮುಂಚೆನೇ ಕೇಳಿಕೊಂಡು ಬನ್ನಿ.

ಆಮೇಲೆ ಸೀಟು. ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂದಾಗ ಒಳಗೆಲ್ಲ ಬಿಳಿ ಬಣ್ಣದ ಸೀಟು ಕೊಟ್ಟಿದ್ದರು. ಜನ ಬೇಸರ ಮಾಡಿಕೊಂಡ ಮೇಲೆ ಫೋರ್ ಬೈ ಫೋರ್ ಮಾಡೆಲ್‌ಗಳಿಗೆ ಮೋಚಾ ಬ್ರೌನ್ ಬಣ್ಣವನ್ನೂ ತಂದರು. ತೋಟದಿಂದ ಗಂಬೂಟಲ್ಲೇ ಬಂದು ಹತ್ತೋರು, ಒದ್ದೆ ಪ್ಲಾಸ್ಟಿಕ್ ಕೊಪ್ಪೆಯನ್ನು ಹಿಂದಿನ ಸೀಟಿಗೆ ಎಸೆಯೋರು, ನಾಯಿ, ಗೊಬ್ಬರದ ಚೀಲದ ಧೂಳು, ಇಷ್ಟೆಲ್ಲ ಇರೋ ಮನೆಗೆ ಬಿಳಿ ಸೀಟು ಖಂಡಿತ ಬೇಡ.

ಇನ್ನು ಜಿಮ್ನಿ. ತೂಕ ಹೆಚ್ಚುಕಡಿಮೆ 1,200 ಕೆ.ಜಿ., ಅಗಲ 1,645 ಮಿಲಿಮೀಟರ್. ರಾಕ್ಸ್‌ನ ಅಗಲ 1,870. ಒಂದು ಕಡೆ ಧರೆ, ಇನ್ನೊಂದು ಕಡೆ ಚರಂಡಿ ಇರೋ ತೋಟದ ದಾರಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಆ ಒಂಬತ್ತು ಇಂಚಿನ ಬೆಲೆ ಗೊತ್ತಾಗುತ್ತೆ. ಹಗುರ ಗಾಡಿ ಕೆಸರಲ್ಲಿ ಹೂತುಕೊಳ್ಳೋದೂ ಕಡಿಮೆ, ಹೂತರೆ ನಾಲ್ಕು ಜನ ತಳ್ಳಿ ಎತ್ತಬಹುದು. ಆದ್ರೆ ಕೂರೋಕೆ ಇರೋದು ನಾಲ್ಕೇ ಸೀಟು. ಡಿಕ್ಕಿ 208 ಲೀಟರ್ ಮಾತ್ರ, ಹಿಂದಿನ ಸೀಟ್ ಮಡಚದೆ ಮೂಟೆ ಗೀಟೆ ಇಡೋ ಆಸೆ ಬಿಟ್ಟುಬಿಡಿ. 1.5 ಲೀಟರ್ ಪೆಟ್ರೋಲ್ ಎಂಜಿನ್, ಲೋಡ್ ಹಾಕಿ ಏರು ಹತ್ತಿಸುವಾಗ ಡೀಸೆಲ್ ಎಳೆದ ಹಾಗೆ ಎಳೆಯಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ತಿಂಗಳಿಗೆ ಒಂದೆರಡು ಸಲ ಮನೆಮಂದಿಯೆಲ್ಲ ಬೆಂಗಳೂರಿಗೋ ಮಂಗಳೂರಿಗೋ ಹೋಗೋದಿದ್ದರೆ ರಾಕ್ಸ್ ಡೀಸೆಲ್ ಫೋರ್ ಬೈ ಫೋರ್ ತಗೊಳ್ಳಿ, 18 ಇಂಚಿನ ಚಕ್ರದ ವೇರಿಯಂಟ್ ಕೇಳಿ. ತೋಟ, ಪೇಟೆ, ಬ್ಯಾಂಕು ಇಷ್ಟೇ ಆದ್ರೆ ಜಿಮ್ನಿಯೇ ಸರಿ. ಮತ್ತೊಂದು, ಹಳೇ ಜೀಪಿನ ಚಾಸಿ ಗಟ್ಟಿ ಇದ್ದು ಪೇಪರ್ ಸರಿ ಇದ್ದರೆ ದಯವಿಟ್ಟು ಕೊಡಬೇಡಿ. ಮೂಟೆ ಹೊರೋಕೆ ಅದು ಇರಲಿ. ಕೊಡಚಾದ್ರಿಗೆ ಜನರನ್ನು ಹತ್ತಿಸೋ ಜೀಪುಗಳನ್ನು ನೋಡಿದ್ದೀರಲ್ಲ? ಸಪೂರ ಟೈರು, ಕಬ್ಬಿಣದ ರಿಮ್, ಒಳಗೆ ಕೆಸರಾದರೆ ಬಕೆಟ್ ನೀರು ಹಾಕಿ ತೊಳೆಯೋ ನೆಲ. ದಿನಾ ಆ ದಾರಿಯಲ್ಲೇ ದುಡಿಯೋರು ಅದನ್ನೇ ಇಟ್ಟುಕೊಂಡಿದ್ದಾರೆ.

ಪ್ರಶ್ನೆ: ಏಳು ಸೀಟಿನ ದೊಡ್ಡ ಎಸ್‌ಯುವಿ ತಗೊಂಡಿದ್ದೇನೆ. ಅದಕ್ಕೆ ಬಂಪರ್ ಮುಂದೆ ಕಬ್ಬಿಣದ ಬುಲ್ ಬಾರ್, ಸ್ನಾರ್ಕೆಲ್, ಮೇಲೆ ರೂಫ್ ರ‍್ಯಾಕ್ ಹಾಕಿಸಿ ರಫ್ ಲುಕ್ ಕೊಡಬೇಕು ಅಂತ ಆಸೆ. ಓಡಿಸೋದು ಹೆಚ್ಚಾಗಿ ಸಿಟಿಯಲ್ಲೇ. ಒಳ್ಳೇ ಬ್ರ್ಯಾಂಡ್ ಯಾವುದು? (ಬೆಂಗಳೂರು)

ಉತ್ತರ: ಬುಲ್ ಬಾರ್ ಬೇಡವೇ ಬೇಡ. ಕಾನೂನು ಒಪ್ಪಲ್ಲ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಇದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಹಾಕಿಸಿದವರ ಮೇಲೆ ಕ್ರಮ ತಗೊಳ್ಳಿ ಅಂತ ಹೇಳಿದೆ. ದಂಡದ ಮಾತು ಪಕ್ಕಕ್ಕಿಡಿ. ಕಾರಿನ ಮುಂಭಾಗ ಮಾಡಿರೋದೇ ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಹೊಡೆತ ಹೀರಿಕೊಳ್ಳಲಿ ಅಂತ. ಅದರ ಮುಂದೆ ಕಬ್ಬಿಣದ ಪೈಪನ್ನು ನೇರ ಚಾಸಿಗೆ ಬೋಲ್ಟ್ ಮಾಡಿದ್ರೆ ಹೊಡೆತ ಒಳಗೆ ಕೂತವರಿಗೇ ಬರುತ್ತೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳೋ ಲೆಕ್ಕವೂ ತಪ್ಪಬಹುದು. ಎದುರಿಗೆ ಸಿಕ್ಕ ಬೈಕಿನವರ ಗತಿ ಹೇಳೋದೇ ಬೇಡ.

ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಮೇಲಿಂದ ಕೊಡುತ್ತೆ, ಅಷ್ಟೇ. ಗೇರ್‌ಬಾಕ್ಸ್, ಆಕ್ಸಲ್‌ಗಳ ಗಾಳಿಯಾಡೋ ಬ್ರೀದರ್ ಪೈಪುಗಳು ಕೆಳಗೇ ಇದ್ದರೆ ಅಲ್ಲಿಂದ ನೀರು ಒಳಗೆ ಹೋಗುತ್ತೆ. ವೈರಿಂಗ್, ಬಾಗಿಲಿನ ರಬ್ಬರ್ ಯಾವುದನ್ನೂ ಅದು ಕಾಪಾಡಲ್ಲ. ಮಳೆ ಬಂದಾಗ ಅಂಡರ್‌ಪಾಸ್ ತುಂಬಿದ್ದರೆ ವಾಪಸ್ ತಿರುಗಿಸಿ. ರೂಫ್ ರ‍್ಯಾಕ್ ಟೂರಿಗೆ ಹೋಗುವಾಗ ಹಾಕಿಕೊಳ್ಳಿ, ಬಂದ ಮೇಲೆ ಬಿಚ್ಚಿಡಿ. ಖಾಲಿ ರ‍್ಯಾಕ್ ಗಾಳಿಗೆ ಅಡ್ಡ ನಿಂತು ಮೈಲೇಜ್ ತಿನ್ನುತ್ತೆ, ಮೇಲೆ ಭಾರ ಹೇರಿದರೆ ಘಾಟಿ ತಿರುವಿನಲ್ಲಿ ಗಾಡಿ ವಾಲೋದು ಜಾಸ್ತಿಯಾಗುತ್ತೆ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಈ ಗಾಡಿಗಳ ಎತ್ತರದ, ಚಪ್ಪಟೆ ಮೂತಿ ನೋಡೋಕೆ ಗತ್ತಾಗಿರುತ್ತೆ. ಅಮೆರಿಕದ ಐಐಎಚ್‌ಎಸ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಅಲ್ಲಿನ ಅಪಘಾತಗಳನ್ನು ಲೆಕ್ಕ ಹಾಕಿತು. ಬಾನೆಟ್ ಮುಂಭಾಗ 40 ಇಂಚಿಗಿಂತ ಎತ್ತರ ಇದ್ದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಪಾದಚಾರಿ ಸಾಯುವ ಸಾಧ್ಯತೆ ಸುಮಾರು ಶೇಕಡಾ 45ರಷ್ಟು ಜಾಸ್ತಿ ಅಂತ ಕಂಡುಬಂತು. ನಿಮ್ಮ ಗಾಡಿಯ ಬಾನೆಟ್‌ಗೆ ಟೇಪ್ ಹಿಡಿದು ನೋಡಿ. ಸೀಟಲ್ಲಿ ಕೂತು, ಮುಂದೆ ಯಾರಾದರೂ ಬಕೆಟ್ ಇಟ್ಟು ಹಿಂದೆ ಸರಿಸುತ್ತಾ ಹೋಗಲಿ, ಎಷ್ಟು ದೂರ ಹೋದ ಮೇಲೆ ನಿಮಗೆ ಕಾಣಿಸುತ್ತೆ ನೋಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಮಕ್ಕಳು ಸೈಕಲ್ ಹೊಡೀತಾ ಇರ್ತಾರೆ. ಬುಲ್ ಬಾರ್ ದುಡ್ಡಲ್ಲಿ ಒಂದು ಒಳ್ಳೇ ಫ್ರಂಟ್ ಕ್ಯಾಮೆರಾ ಹಾಕಿಸಿ.

ಪ್ರಶ್ನೆ: ಡಿಫೆಂಡರ್, ಜಿ ವ್ಯಾಗನ್, ಜೀಪ್ ಎಲ್ಲವೂ ಯಾಕೆ ಡಬ್ಬದ ಥರ ಚೌಕವಾಗಿರುತ್ತವೆ? ಇದು ಬರೀ ಸ್ಟೈಲಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಶುರುವಿನಲ್ಲಿ ಸ್ಟೈಲ್ ಆಗಿರಲೇ ಇಲ್ಲ. ಡಿಫೆಂಡರ್‌ನ ಮೂಲವಾದ ಲ್ಯಾಂಡ್ ರೋವರ್ 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಬಂತು. ಯುದ್ಧ ಮುಗಿದ ಕಾಲ, ಇಂಗ್ಲೆಂಡಿನಲ್ಲಿ ಉಕ್ಕಿಗೆ ರೇಷನ್. ಹಾಗಾಗಿ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಬಳಸಿದರು. ದುಬಾರಿ ಅಚ್ಚು ಮಾಡಿಸೋಕೆ ಹೋಗದೆ ತಗಡನ್ನು ಸುಮ್ನೆ ಬಗ್ಗಿಸಿ ಜೋಡಿಸಿದರು. ಯುದ್ಧದಲ್ಲಿ ಉಳಿದ ವಿಮಾನದ ಹಸಿರು ಬಣ್ಣವನ್ನೇ ಬಳಿದರು. ರೈತನಿಗೆ ಬೇಕಾದ ಗಾಡಿ, ಕೈಯಲ್ಲಿದ್ದ ಸಾಮಾನು, ಅದರಿಂದ ಬಂದ ಆಕಾರ ಅದು.

ಆ ಆಕಾರದಿಂದ ಉಪಯೋಗವೂ ಆಯ್ತು. ಚಪ್ಪಟೆ ಗಾಜು ಒಡೆದರೆ ಬದಲಿಸೋದು ಸುಲಭ. ಮೂಲೆಗಳು ಚೂಪಾಗಿರೋದರಿಂದ ಗಾಡಿ ಎಲ್ಲಿ ಮುಗಿಯುತ್ತೆ ಅಂತ ಸೀಟಿನಿಂದಲೇ ಅಂದಾಜು ಸಿಗುತ್ತೆ, ಇಕ್ಕಟ್ಟು ದಾರಿಯಲ್ಲಿ ಅದು ತುಂಬಾ ದೊಡ್ಡ ವಿಷಯ. ಬಂಪರ್ ಆಚೆ ಬಾಡಿ ಜಾಸ್ತಿ ಚಾಚಿರಲ್ಲ, ಹಳ್ಳಕ್ಕೆ ಇಳಿದು ಹತ್ತುವಾಗ ತಾಗಲ್ಲ. ಗಾಳಿ ಶಬ್ದ ಜಾಸ್ತಿ, ಮೈಲೇಜ್ ಕಡಿಮೆ ಅನ್ನೋದು ಇದರ ನಷ್ಟ. 1979ರಲ್ಲಿ ಬಂದ ಮರ್ಸಿಡಿಸ್ ಜಿ ವ್ಯಾಗನ್ ಕೂಡ ಇದೇ ಜಾತಿಯದು.

ಈಗ 2019ರಲ್ಲಿ ತೋರಿಸಿದ ಹೊಸ ಡಿಫೆಂಡರ್ ನೋಡಿ. ಲ್ಯಾಡರ್ ಫ್ರೇಮ್ ಬಿಟ್ಟು ಅಲ್ಯೂಮಿನಿಯಂ ಮೊನೊಕಾಕ್‌ಗೆ, ಅಂದ್ರೆ ಬಾಡಿಯೇ ಚೌಕಟ್ಟಾಗಿರೋ ರಚನೆಗೆ ಬಂದಿದೆ. ಹಳಬರಿಗೆ ಬೇಜಾರಾಯಿತು. ಆದರೂ ಅದು 900 ಮಿಲಿಮೀಟರ್ ನೀರಿನಲ್ಲಿ ಹೋಗುತ್ತೆ, ಕೆಲಸದಲ್ಲಿ ಕಳಪೆ ಅಂತ ನಾನು ಹೇಳಲ್ಲ. ನನಗೆ ಹಿಡಿಸದೇ ಇರೋದು ಬಾನೆಟ್ ಮೇಲೆ ಬರೋ ಚೆಕರ್ ಪ್ಲೇಟ್, ಅಂದ್ರೆ ಕಾಲು ಜಾರದಂತೆ ಉಬ್ಬುಗೆರೆ ಇರೋ ಫಲಕ. ಹಳೇದರಲ್ಲಿ ಅದು ಲೋಹದ್ದು, ಮೇಲೆ ನಿಂತುಕೊಳ್ಳೋಕೆ ಹಾಕಿಸ್ತಿದ್ದರು. ಹೊಸದರಲ್ಲಿ ಅದು ಪ್ಲಾಸ್ಟಿಕ್, ನಿಲ್ಲೋ ಹಾಗಿಲ್ಲ. ಪಕ್ಕದ ಕಿಟಕಿ ಮೇಲೆ ಕೂರಿಸಿರೋ ಚೌಕ ಫಲಕವೂ ಹಾಗೇ, ಹಿಂದೆ ತಿರುಗಿ ನೋಡುವಾಗ ಅಡ್ಡ ಬರುತ್ತೆ. ನೀವು ಇಂಜಿನಿಯರಿಂಗ್ ಓದ್ತಿದ್ದೀರಿ, ಇನ್ನೊಂದು ಸಲ ಇಂಥ ಗಾಡಿ ಕಂಡಾಗ ಒಂದೊಂದೇ ಭಾಗ ತೋರಿಸಿ ಇದು ಏನು ಕೆಲಸ ಮಾಡುತ್ತೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ, ಒಳ್ಳೇ ಅಭ್ಯಾಸ. ಬಾಡಿಯ ಕೆಳಭಾಗಕ್ಕೆ ಹಾಕೋ ಕಪ್ಪು ಪ್ಲಾಸ್ಟಿಕ್ ಕ್ಲ್ಯಾಡಿಂಗ್ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ, ಜಲ್ಲಿಕಲ್ಲು ಅದಕ್ಕೆ ಬಡಿದರೆ ಪೇಂಟ್ ಉಳಿಯುತ್ತೆ. ಫಳಫಳ ಹೊಳೆಯೋ ಪಿಯಾನೋ ಬ್ಲ್ಯಾಕ್ ಪ್ಲಾಸ್ಟಿಕ್ ಪಾಸಾಗಲ್ಲ, ಒಂದು ಒಣಬಟ್ಟೆ ಸವರಿದರೂ ಗೀರು.

ಪ್ರಶ್ನೆ: ಅತ್ತೆಗೆ ಮಂಡಿ ನೋವು. ನಮ್ಮೆಜಮಾನರು ಎತ್ತರದ ಗಾಡಿಯೇ ಬೇಕು ಅಂತಾರೆ. ಸೈಡ್ ಸ್ಟೆಪ್ ಹಾಕಿಸಿದರೆ ನೆಲಕ್ಕೆ ತಾಗುತ್ತೆ ಅಂತಾನೂ ಅವರೇ ಹೇಳ್ತಾರೆ. (ಸಾಗರ)

ಉತ್ತರ: ಸ್ಟೆಪ್ ಹಾಕಿಸಿ ಮೇಡಂ. ಎಜಮಾನರು ಹೇಳೋದರಲ್ಲಿ ಸುಳ್ಳಿಲ್ಲ, ದೊಡ್ಡ ಉಬ್ಬು ದಾಟುವಾಗ ಗಾಡಿಯ ನಡುಭಾಗದಲ್ಲಿ ಮೊದಲು ತಾಗೋದು ಅದೇ. ಆದ್ರೆ ಅಂಥ ಉಬ್ಬು ನಿಮ್ಮ ದಾರಿಯಲ್ಲಿ ಎಷ್ಟಿವೆ? ಅತ್ತೆ ಹತ್ತಿ ಇಳಿಯೋದು ದಿನಾ ಇರೋದು. ಬಾಡಿಗೆ ಸಿಕ್ಕಿಸೋ ತೆಳು ಸ್ಟೆಪ್ ಬೇಡ, ಭಾರ ಬಿದ್ದಾಗ ಬಗ್ಗುತ್ತೆ. ಕಂಪನಿಯ ಆಕ್ಸೆಸರಿಯಲ್ಲೇ ಗಟ್ಟಿ ಬ್ರ್ಯಾಕೆಟ್ ಇರೋದು, ಚಪ್ಪಲಿ ಒದ್ದೆ ಇದ್ದರೂ ಜಾರದಂತೆ ಮೇಲ್ಮೈ ಒರಟಾಗಿರೋದು ನೋಡಿ. ಬಾಗಿಲ ಪಕ್ಕದ ಕಂಬಕ್ಕೆ ಹಿಡಿ ಇದೆಯಾ ನೋಡಿ, ಮಂಡಿ ನೋವಿರೋರಿಗೆ ಸ್ಟೆಪ್ಪಿಗಿಂತ ಅದೇ ಜಾಸ್ತಿ ಆಸರೆ.

ಬುಕ್ ಮಾಡೋಕೆ ಮುಂಚೆ ಅತ್ತೆಯನ್ನೇ ಶೋರೂಮಿಗೆ ಕರ್ಕೊಂಡು ಹೋಗಿ. ಸೀರೆ ಉಡೋರಾದರೆ ಸೀರೆಯಲ್ಲೇ ಬರಲಿ. ಮುಂದಿನ ಸೀಟು, ಮಧ್ಯದ ಸೀಟು ಎರಡಕ್ಕೂ ಒಂದೆರಡು ಸಲ ಹತ್ತಿ ಇಳಿಯಲಿ. ಹತ್ತೋದಕ್ಕಿಂತ ಇಳಿಯುವಾಗ ಮುಖ ನೋಡಿ, ನೋವು ಇದ್ದರೆ ಅಲ್ಲಿ ಗೊತ್ತಾಗುತ್ತೆ. ಮೂರು ಬಾಗಿಲಿನ ಗಾಡಿಯಾದರೆ ಹಿಂದಿನ ಸೀಟಿಗೆ ಮುಂದಿನ ಸೀಟು ಮಡಚಿ ನುಗ್ಗಬೇಕು, ಅದು ಅವರಿಂದ ಆಗಲ್ಲ. ಎಜಮಾನರಿಗೆ ಇಷ್ಟವಾದ ಗಾಡಿಯನ್ನು ಅತ್ತೆಗೆ ಹತ್ತೋಕಾಗದಿದ್ದರೆ ಅದೇ ಶೋರೂಮಿನಲ್ಲಿ ಇನ್ನೂ ಸ್ವಲ್ಪ ತಗ್ಗಿನ ಗಾಡಿ ಯಾವುದಿದೆ ಅಂತ ಅವತ್ತೇ ಕೇಳಿ ನೋಡಿ.