11 ಮಕ್ಕಳಿಗೆ ಒಂದೇ ಚೀಟಿ ಸಾಕೇ?

ಪ್ರಶ್ನೆ: ನನ್ನ ತಂಗಿಯ ಕುಟುಂಬ ಬೆಂಗಳೂರಿನ ಹೊರವಲಯದಲ್ಲಿ ಒಂದು ಧಾರ್ಮಿಕ ಸಮುದಾಯದ ಆವರಣದಲ್ಲಿ ವಾಸವಾಗಿದೆ. ಯಾರೋ ಮಾಡಿದ ಫೋನ್ ಕರೆಯ ಮೇರೆಗೆ ಕಳೆದ ವಾರ ಅಧಿಕಾರಿಗಳು ಬಂದು ಅಲ್ಲಿದ್ದ 11 ಮಕ್ಕಳನ್ನೂ ಕರೆದೊಯ್ದರು. ನಮ್ಮ ಕೈಗೆ ಬಂದದ್ದು ಒಂದು ಚೀಟಿ ಮಾತ್ರ. ಹೀಗೆ ಒಟ್ಟಾಗಿ ಕರೆದೊಯ್ಯಬಹುದೇ?
– ಓದುಗರೊಬ್ಬರು, ಜಯನಗರ

ಉತ್ತರ: ತಾವು ಕಳುಹಿಸಿದ ಚೀಟಿಯ ಪ್ರತಿ ನೋಡಿದೆ. ಅದರಲ್ಲಿ ದಿನಾಂಕವಿದೆ, ಮೊಹರಿದೆ, ‘ಮಕ್ಕಳು – 11’ ಎಂಬ ಒಂದು ಸಾಲಿದೆ. ಹೆಸರಿಲ್ಲ, ವಯಸ್ಸಿಲ್ಲ, ಯಾವ ಮಗುವಿಗೆ ಯಾವ ಅಪಾಯವಿತ್ತೆಂಬ ಮಾತೇ ಇಲ್ಲ. ತಮ್ಮ ವಾದ ಹೊರಡಬೇಕಾದದ್ದು ಇಲ್ಲಿಂದ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿದೆಯೇ ಎಂಬುದು ಮಗುವಿನಿಂದ ಮಗುವಿಗೆ ನಿರ್ಧಾರವಾಗಬೇಕಾದ ಪ್ರಶ್ನೆ. ಕರೆದೊಯ್ದ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ, ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಮನೆ, ಹಿನ್ನೆಲೆಗಳ ಬಗ್ಗೆ ನಡೆಯುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕು. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವೆಂದೂ, ಸಹಜ ನ್ಯಾಯ (ಸಂಬಂಧಪಟ್ಟವರ ಮಾತನ್ನು ನಿಷ್ಪಕ್ಷವಾಗಿ ಕೇಳುವುದು) ಪಾಲಿಸಬೇಕೆಂದೂ ಕಾಯ್ದೆಯ 3ನೇ ಕಲಮೇ ಹೇಳುತ್ತದೆ.

ಈ ಪ್ರಶ್ನೆ ಅಮೆರಿಕದ ಟೆಕ್ಸಾಸ್‌ನಲ್ಲಿ 2008ರಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಎಲ್ಡೊರಾಡೊ ಬಳಿಯ ಬಹುಪತ್ನಿತ್ವ ಪಾಲಿಸುವ ಪಂಥವೊಂದರ ನೆಲೆಯಿಂದ, ಆಮೇಲೆ ಸುಳ್ಳೆಂದು ಕಂಡುಬಂದ ಫೋನ್ ಕರೆಯೊಂದರ ಬೆನ್ನಿಗೆ, 400ಕ್ಕೂ ಹೆಚ್ಚು ಮಕ್ಕಳನ್ನು ಕರೆದೊಯ್ಯಲಾಯಿತು. ಕೆಲವು ಹುಡುಗಿಯರ ವಿಷಯದಲ್ಲಿ ಸಾಕ್ಷ್ಯವಿದ್ದ ಮಾತ್ರಕ್ಕೆ ಗಂಡುಮಕ್ಕಳನ್ನೂ ಹಸುಳೆಗಳನ್ನೂ ಸೇರಿಸಿ ಎಲ್ಲರನ್ನೂ ಹೆತ್ತವರಿಂದ ಬೇರ್ಪಡಿಸುವಂತಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು, ಮೇ 29ರಂದು ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆಂದು ಆರೋಪಗಳು ಪೊಳ್ಳಾಗಿರಲಿಲ್ಲ. ಪಂಥದ ಮುಖ್ಯಸ್ಥ ವಾರೆನ್ ಜೆಫ್ಸ್‌ಗೆ 2011ರಲ್ಲಿ ಇಬ್ಬರು ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ಟೆಕ್ಸಾಸ್ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ತರ್ಕ ತಮಗೆ ಉಪಯೋಗಕ್ಕೆ ಬರುತ್ತದೆ.

ಈಗ ತಮ್ಮ ತಂಗಿಯವರು ತಮ್ಮ ಮಕ್ಕಳ ಹೆಸರಿನಲ್ಲಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಸಮಿತಿಗೆ ಅರ್ಜಿ ಕೊಡಲಿ. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ಶಾಲೆಯ ದಾಖಲೆ ಲಗತ್ತಿಸಿ, ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ (ಬಾಯಿಮಾತಿನ ಭರವಸೆಯನ್ನು ನಂಬಿ ಬರಿಗೈಲಿ ಮರಳಿದವರನ್ನು ಬಹಳ ಕಂಡಿದ್ದೇನೆ). ಸಮಿತಿಯ ಆದೇಶದ ದೃಢೀಕೃತ ಪ್ರತಿಯನ್ನು ಕೂಡಲೇ ಕೇಳಬೇಕು, ಏಕೆಂದರೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು ಆದೇಶದ ದಿನದಿಂದ 30 ದಿನ. ಆದೇಶವೇ ಇಲ್ಲದೆ ಮಕ್ಕಳನ್ನು ಇಟ್ಟುಕೊಂಡಿದ್ದರೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ (ಅಕ್ರಮವಾಗಿ ಇಟ್ಟುಕೊಂಡವರನ್ನು ಹಾಜರುಪಡಿಸುವಂತೆ ಕೋರುವ ಅರ್ಜಿಗೆ) ಅವಕಾಶವಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿರುವುದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಪಡೆಯಬಹುದು.

ಒಂದು ವಿಷಯದಲ್ಲಿ ಮಾತ್ರ ತಮಗೆ ಹಿತವಾಗದ ಮಾತು ಹೇಳಬೇಕಾಗಿದೆ. ‘ಇದು ನಮ್ಮ ನಂಬಿಕೆ’ ಎಂಬ ವಾದವನ್ನು ಮುಂದಿಡಬೇಡಿ. ಸಂವಿಧಾನದ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯವೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟದ್ದು. ಸಮಿತಿಯವರು ಮಕ್ಕಳೊಡನೆ ಏಕಾಂತದಲ್ಲಿ ಮಾತನಾಡಬಯಸಿದರೆ ಒಪ್ಪಿಕೊಳ್ಳಿ, ಏನು ಹೇಳಬೇಕೆಂದು ಮೊದಲೇ ಕಲಿಸಿ ಕಳುಹಿಸಬೇಡಿ. 11 ಮಕ್ಕಳಲ್ಲಿ ಒಬ್ಬರಿಗೆ ನಿಜವಾಗಿಯೂ ರಕ್ಷಣೆ ಬೇಕಾಗಿದ್ದರೆ, ಆ ಮಗುವಿನ ಆದೇಶ ಉಳಿದುಕೊಂಡೇ ತಮ್ಮ ತಂಗಿಯ ಮಕ್ಕಳು ಮನೆಗೆ ಬರಬಹುದು.