ಮೊದಲು ಬಲೆ, ದಡದ ಬಗ್ಗೆ ಕೇಳಿ

ಶ್ರೀಲಂಕಾದ ವಲಸೆ ಮೀನುಗಾರರ ಹತ್ತಿರ ಧಾರ್ಮಿಕ ಜಗಳದ ಬಗ್ಗೆ ನೇರವಾಗಿ ಕೇಳಬಹುದಾ ಅಂತ ಕೇಳಿದ್ದೀರಿ. ಬೇಡ ಅಂತೀನಿ. ಮೊದಲು ಮಳೆಗಾಲದ ಲೆಕ್ಕ ತಿಳಿದುಕೊಳ್ಳಿ. ಮೇ ಹೊತ್ತಿಗೆ ಪಶ್ಚಿಮದ ಕಡಲು ಕೆರಳುತ್ತದೆ. ಆಗ ಪಶ್ಚಿಮ ದಡದ ನೆಗೊಂಬೊ, ಚಿಲಾವ್ ಊರುಗಳ ಕಡೆಯ ಮೀನುಗಾರರು, ಜಾಸ್ತಿ ಕ್ಯಾಥೊಲಿಕರು, ಪೂರ್ವದ ಕಡೆಯ ಟ್ರಿಂಕೋಮಲಿ, ಮುಲ್ಲೈತೀವು ದಡಕ್ಕೆ ಹೋಗಿ ಗುಡಿಸಲು ಹಾಕುತ್ತಾರೆ. ಅಲ್ಲಿನ ತಮಿಳರು, ಮುಸ್ಲಿಮರು ನಂಬಿರುವುದೂ ಅದೇ ಕಡಲನ್ನೇ ಅಲ್ವಾ? 2009ರಲ್ಲಿ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧ ಮುಗಿದ ಮೇಲೆ ಈ ಓಡಾಟ ಮತ್ತೆ ಹೆಚ್ಚಿತು. ಹಾಗಾಗಿ ದಡದ ಜಾಗ ಯಾರು ಕೊಟ್ಟರು, ಯಾವ ಬಲೆ, ಮೀನು ಯಾರಿಗೆ ಮಾರುತ್ತೀರಿ ಅಂತ ಶುರು ಮಾಡಿ. ಧರ್ಮದ ಮಾತು ತಾನಾಗಿ ಬರುತ್ತದೆ. ನೆಗೊಂಬೊದಲ್ಲಿ ಇನ್ನೂ ಜಾಗ್ರತೆ ಬೇಕು. 2019ರ ಈಸ್ಟರ್ ದಿನ ಅಲ್ಲಿನ ಸೇಂಟ್ ಸೆಬಾಸ್ಟಿಯನ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಮನೆಯವರನ್ನು ಕಳೆದುಕೊಂಡವರ ಎದುರು ಸುಮ್ನೆ ಪ್ರಶ್ನೆಪಟ್ಟಿ ತೆಗೆಯಬೇಡಿ.