ಕ್ರಯಪತ್ರದಲ್ಲಿ ಶಾಲೆ ಬರೆದಿರುವುದಿಲ್ಲ

ಓದುಗರ ಪತ್ರ:

"ಸಂಪಾದಕರೇ, ಊರಿನ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದೋಕೆ ಚೆನ್ನಾಗಿದೆ. ನಾವಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೋವರ್ಡ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮೂರ ಕಡೆಯ ಜಿಲ್ಲೆ ಇದ್ದ ಹಾಗೆ. ಮನೆ ಯಾವ ಗೆರೆಯೊಳಗೆ ಬರುತ್ತದೋ ಆ ಸರ್ಕಾರಿ ಶಾಲೆ ಸಿಗುತ್ತದೆ. ಒಳ್ಳೆ ಶಾಲೆ ಇರುವ ಕಡೆ ಸಾಲ ಮಾಡಿ ಮನೆ ಕೊಂಡೆವು. 2019ರಲ್ಲಿ ಗೆರೆ ಅಳಿಸಿ ಹೊಸದು ಎಳೆದರು. ನಮ್ಮ ದೊಡ್ಡ ಮಗ ಆ ಕಡೆಯ ಶಾಲೆಗೆ ಹೋಗಬೇಕಾಯಿತು. ಬಡವರ ಮಕ್ಕಳ ಲೆಕ್ಕ ಸರಿದೂಗಿಸೋಕೆ ನಮ್ಮ ಮಗನೇ ಬೇಕಿತ್ತೇ? ಮುಂದೆ ಚಿಕ್ಕವಳಿಗೂ ಇದೇ ಆಗುತ್ತದೇನೋ ಅನ್ನುವ ಭಯ. ಇದು ಯಾವ ನ್ಯಾಯ, ನೀವೇ ಹೇಳಿ." (ಹೆಸರು ಬೇಡ ಎಂದಿದ್ದಾರೆ. ಎರಡು ಪುಟದ ಪತ್ರದ ಸಾರ ಇಷ್ಟು.)

ಉತ್ತರ:

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಹೊಗಳಿ ಬರೆಯುವ ಹತ್ತು ಪತ್ರಕ್ಕಿಂತ ನನಗೆ ಇಂಥ ಒಂದು ಪತ್ರ ಜಾಸ್ತಿ. ಹಾಗಾಗಿ ನಾನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು ನಿಮ್ಮ ಕಡೆಯ ನ್ಯಾಯ ಒಪ್ಪಿಕೊಳ್ಳುತ್ತೇನೆ. ಹದಿಮೂರು, ಹದಿನಾಲ್ಕರ ಹುಡುಗನಿಗೆ ಸ್ನೇಹಿತರೇ ಪ್ರಪಂಚ. ಜೊತೆಗೆ ಬೆಳೆದವರೆಲ್ಲ ಒಂದು ಬಸ್ ಹತ್ತಿ, ಅವನೊಬ್ಬ ಇನ್ನೊಂದು ಬಸ್ ಹತ್ತಿದರೆ ಹೆತ್ತ ಹೊಟ್ಟೆ ಉರಿಯದೆ ಇರುತ್ತದೆಯೇ? ನಡೆದು ಹೋಗುವಷ್ಟು ಹತ್ತಿರದ ಶಾಲೆ ಬಿಡಿಸಿ ಬಸ್ಸಿನಲ್ಲಿ ಅರ್ಧ ಗಂಟೆ ಕೂರಿಸಿದರೆ ಯಾರಿಗೂ ಬೇಸರ ಆಗುತ್ತದೆ. ಅದು ನಿಜವಾದ ನೋವು.

ಆದರೆ ತಂಗಿ, ನಿಮ್ಮ ಪತ್ರದಲ್ಲಿ ಒಂದು ಮಾತು ಐದು ಸಲ ಬಂದಿದೆ. "ಆ ಕಡೆ." ಆ ಕಡೆಯ ಶಾಲೆ, ಆ ಕಡೆಯ ಮಕ್ಕಳು, ಆ ಕಡೆಯ ಅಪಾರ್ಟ್‌ಮೆಂಟು. ನೀವು ಬೇಕಂತ ಬರೆದಿಲ್ಲ, ಗೊತ್ತು. ಕೈ ತಾನೇ ಬರೆದಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಅದೇ.

ನಿಮ್ಮ ಊರನ್ನು ನಾನು ಕಂಡಿದ್ದೇನೆ. 2006ರಲ್ಲಿ ಬಾಲ್ಟಿಮೋರ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ನಡೆದಾಗ ಬಂದಿದ್ದೆ. ನಿಮ್ಮ ಕೌಂಟಿಯದೇ ಕೊಲಂಬಿಯಾದಲ್ಲಿ ಸ್ನೇಹಿತರ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಬೆಳಿಗ್ಗೆ ವಾಕಿಂಗ್ ಹೊರಟಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಟಪಾಲು ಪೆಟ್ಟಿಗೆಗಳು ಮನೆ ಮನೆಯ ಮುಂದೆ ಇರಲಿಲ್ಲ, ರಸ್ತೆಯ ಒಂದು ಕಡೆ ಗುಂಪಾಗಿ ನಿಂತಿದ್ದವು. ಯಾಕೆ ಹೀಗೆ ಅಂತ ಕೇಳಿದೆ. ಊರು ಕಟ್ಟಿದ ಜೇಮ್ಸ್ ರೌಸ್ ಬೇಕಂತಲೇ ಹಾಗೆ ಮಾಡಿಸಿದರಂತೆ. ಕಾಗದ ತರೋಕೆ ಬಂದವರು ಒಬ್ಬರ ಮುಖ ಒಬ್ಬರು ನೋಡಲಿ, ನಾಲ್ಕು ಮಾತಾಡಲಿ ಅಂತ! ಪೈಜಾಮದಲ್ಲೇ ಬಂದ ಒಬ್ಬ ಅಜ್ಜ ನನಗೂ ಗುಡ್ ಮಾರ್ನಿಂಗ್ ಹೇಳಿ, ಮಳೆಯ ಬಗ್ಗೆ ಮಾತಾಡಿ ಹೋದರು. ರೌಸ್ ಹಾಕಿದ ಲೆಕ್ಕ ಸುಳ್ಳಾಗಿರಲಿಲ್ಲ.

ಆ ಊರು ಬಾಗಿಲು ತೆರೆದದ್ದು 1967ರಲ್ಲಿ. ಬಿಳಿಯರ ಬಡಾವಣೆ ಬೇರೆ, ಕರಿಯರ ಬಡಾವಣೆ ಬೇರೆ ಅನ್ನುವುದೇ ಅಲ್ಲಿನ ರೂಢಿಯಾಗಿದ್ದ ಕಾಲ. ರೌಸ್ ಎಲ್ಲರಿಗೂ ಮನೆ ಮಾರಿದರು. ಕಂಪನಿಯ ಯಜಮಾನನೂ ಜವಾನನೂ ಒಂದೇ ಊರಲ್ಲಿ ಇರಬೇಕು ಅನ್ನುವುದು ಅವರ ಆಸೆ. ಬೇರೆ ಬೇರೆ ಧರ್ಮದವರು ಒಂದೇ ಕಟ್ಟಡದಲ್ಲಿ ಪ್ರಾರ್ಥನೆ ಮಾಡುವ ವ್ಯವಸ್ಥೆ ಕೂಡ ಅಲ್ಲಿದೆ. ಇದೆಲ್ಲ ಹೆಮ್ಮೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಮಕ್ಕಳ ವಿಷಯ ಬಂದಾಗ ಮಾತ್ರ ಹೆಮ್ಮೆ ಯಾಕೆ ಹಿಂದೆ ಸರಿಯಬೇಕು?

2019ರ ಸಂಗತಿಯನ್ನು ನಮ್ಮ ಓದುಗರಿಗೂ ಎರಡು ಮಾತಲ್ಲಿ ಹೇಳಬೇಕು. ಆ ಕೌಂಟಿಯಲ್ಲಿ ಕೆಲವು ಶಾಲೆಗಳು ತುಂಬಿ ತುಳುಕುತ್ತಿದ್ದವು, ಕೆಲವದರಲ್ಲಿ ಜಾಗ ಖಾಲಿ ಇತ್ತು. ಕೆಲವು ಹೈಸ್ಕೂಲುಗಳಲ್ಲಿ ಉಚಿತ ಇಲ್ಲವೇ ರಿಯಾಯಿತಿ ದರದ ಊಟ ಪಡೆಯುವ ಬಡಮಕ್ಕಳು ಅರ್ಧದ ಹತ್ತಿರ ಇದ್ದರೆ ಇನ್ನು ಕೆಲವದರಲ್ಲಿ ಬೆರಳೆಣಿಕೆಯಷ್ಟು. ಇವೆರಡನ್ನೂ ಒಟ್ಟಿಗೆ ಸರಿಮಾಡೋಣ ಅಂತ ಶಾಲಾ ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳನ್ನು ಸ್ಥಳಾಂತರಿಸುವ ಯೋಜನೆ ಮುಂದಿಟ್ಟರು. ಕೌಂಟಿಯ ನಕ್ಷೆಯನ್ನು ಪಾಲಿಗಾನ್ ಅನ್ನುವ ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿಗೂ ನಂಬರು ಕೊಟ್ಟಿದ್ದರು. ಜನ ತಮ್ಮ ಪಾಲಿಗಾನ್ ನಂಬರನ್ನು ಮನೆ ನಂಬರಿನ ಹಾಗೆ ಬಾಯಿಪಾಠ ಮಾಡಿಕೊಂಡರು. ಮೆರವಣಿಗೆ, ಫಲಕ, ಬಣ್ಣದ ಟೀ ಶರ್ಟು, ಮುಗಿಯದ ಅಹವಾಲು ಸಭೆಗಳು. "ಸೌಜನ್ಯವನ್ನೇ ಆರಿಸಿಕೊಳ್ಳಿ" ಅನ್ನುವ ಹಸಿರು ಸ್ಟಿಕ್ಕರನ್ನು ಕಾರಿಗೆ ಅಂಟಿಸಿಕೊಂಡು ಓಡಾಡುವ ಕೌಂಟಿ ಅದು. ಅಲ್ಲೇ ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರು ಅಂತ ನೀವೇ ಬರೆದಿದ್ದೀರಿ. ನವೆಂಬರಿನಲ್ಲಿ ಶಾಲಾ ಮಂಡಳಿ ಕೊನೆಗೆ ಒಪ್ಪಿದ್ದು ಸುಮಾರು 5,400 ಮಕ್ಕಳಿಗೆ. ಒಟ್ಟು ಮಕ್ಕಳು 58,000ದ ಆಸುಪಾಸು. ಹತ್ತು ಮಕ್ಕಳಲ್ಲಿ ಒಬ್ಬರು ಅಂದುಕೊಳ್ಳಿ.

"ಶಾಲೆ ನೋಡಿಯೇ ಮನೆ ಕೊಂಡೆವು" ಅನ್ನುವ ಮಾತಿಗೆ ಬರುತ್ತೇನೆ. ಕ್ರಯಪತ್ರವನ್ನು ಒಮ್ಮೆ ತೆಗೆದು ನೋಡಿ. ಗೋಡೆ ಇದೆ, ಹಿತ್ತಲಿದೆ, ಗ್ಯಾರೇಜ್ ಇದೆ. ಶಾಲೆ ಇಲ್ಲ. ಶಾಲೆಯನ್ನು ಯಾರೂ ನಿಮಗೆ ಮಾರಲಿಲ್ಲ, ಮಾರುವ ಹಕ್ಕೂ ಯಾರಿಗೂ ಇರಲಿಲ್ಲ. ಏಜೆಂಟರು ಬಾಯಲ್ಲಿ ಹೇಳಿದ್ದನ್ನು ನೀವು ಮನಸ್ಸಿನಲ್ಲಿ ನೋಂದಣಿ ಮಾಡಿಕೊಂಡಿರಿ. ದುಡ್ಡು ಕೊಟ್ಟವರಿಗೆ ಮಾತ್ರ ಒಳ್ಳೆ ಸರ್ಕಾರಿ ಶಾಲೆ ಅಂತಾದರೆ ಅದು ಸರ್ಕಾರಿ ಶಾಲೆ ಹೇಗಾಗುತ್ತದೆ? ಫೀಸನ್ನು ಶಾಲೆಗೆ ಕಟ್ಟುವ ಬದಲು ಮನೆ ಮಾರಿದವರಿಗೆ ಕಟ್ಟಿದಂತಾಯಿತು, ಅಷ್ಟೇ ಅಲ್ವಾ?

ಇನ್ನೊಂದು ವಿಷಯ. ಊರಿಗೆ ಬರುವಾಗ ನೀವು ವಿಮಾನ ಹತ್ತುವ ಬಾಲ್ಟಿಮೋರ್ ನಿಲ್ದಾಣಕ್ಕೆ ಥರ್ಗುಡ್ ಮಾರ್ಷಲ್ ಹೆಸರಿದೆ. ಮಾರ್ಷಲ್ ಅದೇ ಬಾಲ್ಟಿಮೋರ್‌ನಲ್ಲಿ 1908ರಲ್ಲಿ ಹುಟ್ಟಿದವರು. ಕರಿಯ ಮಕ್ಕಳಿಗೆ ಬೇರೆ ಶಾಲೆ ಮಾಡುವುದು ತಪ್ಪು ಅಂತ 1954ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ವಕೀಲರು ಅವರೇ. ಆಮೇಲೆ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದರು. 1974ರಲ್ಲಿ ಡೆಟ್ರಾಯಿಟ್ ಶಾಲೆಗಳ ಕೇಸು ಬಂತು. ನಗರದ ಶಾಲೆಗಳಲ್ಲಿ ಹೆಚ್ಚಾಗಿ ಕರಿಯ ಮಕ್ಕಳು, ಸುತ್ತಲಿನ ಉಪನಗರಗಳಲ್ಲಿ ಬಿಳಿಯ ಮಕ್ಕಳು. ಎರಡನ್ನೂ ಬೆರೆಸಬಹುದೇ ಅನ್ನುವುದು ಪ್ರಶ್ನೆ. ಉಪನಗರಗಳ ಶಾಲಾ ಜಿಲ್ಲೆಗಳು (ಒಂದೊಂದು ಶಾಲಾ ಮಂಡಳಿಯ ವ್ಯಾಪ್ತಿ) ಬೇರೆ, ಆ ಗೆರೆ ದಾಟುವ ಹಾಗಿಲ್ಲ ಅಂತ ಐವರು ಹೇಳಿದರು. ನಾಲ್ವರು ಒಪ್ಪಲಿಲ್ಲ. ಒಪ್ಪದವರಲ್ಲಿ ಮಾರ್ಷಲ್ ಒಬ್ಬರು. ನಮ್ಮ ಮಕ್ಕಳು ಒಟ್ಟಿಗೆ ಕಲಿಯೋಕೆ ಶುರು ಮಾಡದಿದ್ದರೆ ನಮ್ಮ ಜನ ಒಟ್ಟಿಗೆ ಬಾಳುವುದನ್ನು ಕಲಿಯುತ್ತಾರೆ ಅನ್ನುವ ಭರವಸೆ ಇಲ್ಲ, ಅವರು ಬರೆದ ಮಾತಿನ ಅರ್ಥ ಇಷ್ಟು.

ನಿಮ್ಮ ಕೌಂಟಿಗೆ ಆ ತೊಡಕಿಲ್ಲ. ಮೇರಿಲ್ಯಾಂಡಿನಲ್ಲಿ ಒಂದು ಕೌಂಟಿಗೆ ಒಂದೇ ಶಾಲಾ ಜಿಲ್ಲೆ. ಸಿರಿವಂತರೂ ಬಡವರೂ ಒಂದೇ ಮಂಡಳಿಯ ಕೈಕೆಳಗೆ ಬರುತ್ತಾರೆ. ಡೆಟ್ರಾಯಿಟ್ ಮಾಡಲಾಗದ್ದನ್ನು ನಿಮ್ಮ ಕೌಂಟಿ ಒಂದು ಪೆನ್ಸಿಲ್ ಹಿಡಿದು ಮಾಡಬಹುದು. ಮಾಡೋಕೆ ಹೊರಟಿತು ಕೂಡ. ನೀವು ಅನ್ಯಾಯ ಅಂದದ್ದನ್ನು ನಾನು ಆ ಕೌಂಟಿಯ ಭಾಗ್ಯ ಅನ್ನುತ್ತೇನೆ.

ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದು ಓದಿ ತಿಳಿದದ್ದರಿಂದ ಅಲ್ಲ. ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಗೆ ಕೇರ್ ಅನ್ನುವ ನೆರವು ಸಂಸ್ಥೆಯ ಉಪ್ಪಿಟ್ಟು ಬರುತ್ತಿತ್ತು. ಅಮೆರಿಕದಿಂದ ಬಂದ ಮೂಟೆಗಳ ಮೇಲೆ ಎರಡು ಕೈ ಕುಲುಕುವ ಚಿತ್ರ. ಹಳದಿ ಉಪ್ಪಿಟ್ಟು, ಮುತ್ತುಗದ ಎಲೆ. ಬಿಸಿ ಉಪ್ಪಿಟ್ಟು ಬಿದ್ದ ಕೂಡಲೇ ಎಲೆಯಿಂದ ಬರುತ್ತಿದ್ದ ಆ ಹಸಿ ವಾಸನೆ ಈಗಲೂ ನೆನಪಿದೆ. ಪಟೇಲರ ಮಗನೂ ತಿಂದ, ಅವರ ಗದ್ದೆಯಲ್ಲಿ ಕೂಲಿ ಮಾಡುವವರ ಮಗನೂ ತಿಂದ. ಜಾತಿ ಇರಲಿಲ್ಲ ಅಂತ ಸುಳ್ಳು ಹೇಳಲಾರೆ. ನೀರಿನ ಕೊಡ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಅನ್ನುವ ಕೆಟ್ಟ ಲೆಕ್ಕ ಇತ್ತು. ಆದರೆ ಸೋರುವ ಹೆಂಚಿಗೆ ಆ ಲೆಕ್ಕ ಗೊತ್ತಿರಲಿಲ್ಲ.

ಒಂದು ಆಷಾಢದಲ್ಲಿ ಕೋತಿಗಳು ಕುಣಿದು ಹೆಂಚು ಒಡೆದಿದ್ದವು. ನಾವು ಸ್ಲೇಟನ್ನು ಅಂಗಿಯೊಳಗೆ ಇಟ್ಟುಕೊಂಡು ಮೂಲೆಯಲ್ಲಿ ಮುದುಡಿ ಕೂತೆವು. ಪಟೇಲರ ಮಗ ನೆನೆದು ನಡುಗುತ್ತಾ ಮನೆಗೆ ಹೋದ. ಸಂಜೆ ಪಟೇಲರು ಕೊಡೆ ಹಿಡಿದು ಶಾಲೆಗೆ ಬಂದರು. ತಲೆಯೆತ್ತಿ ಸೂರು ನೋಡಿದರು, ಮೇಷ್ಟ್ರ ಹತ್ತಿರ ಏನೋ ಕೇಳಿದರು. ಮಾರನೇ ದಿನ ಎತ್ತಿನ ಗಾಡಿಯಲ್ಲಿ ಮಂಗಳೂರು ಹೆಂಚು ಬಂತು. ಇಪ್ಪತ್ತೈದು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಹೋದಾಗ ಅದೇ ಕೋಣೆ ಸೋರುತ್ತಿತ್ತು. ಮೇಷ್ಟ್ರು ಪ್ಲಾಸ್ಟಿಕ್ ಬಕೆಟ್ ಇಟ್ಟು ಪಾಠ ಮಾಡುತ್ತಿದ್ದರು. ಅರ್ಜಿ ಕೊಟ್ಟು ಮೂರು ವರ್ಷ ಆಗಿದೆ ಅಂದರು. ಪಟೇಲರ ಮೊಮ್ಮಕ್ಕಳು ಅಷ್ಟು ಹೊತ್ತಿಗೆ ವ್ಯಾನಿನಲ್ಲಿ ಪೇಟೆ ಶಾಲೆಗೆ ಹೋಗುತ್ತಿದ್ದರು.

ನಾನು ಕಂಡ ಈ ಸಂಗತಿಯನ್ನು ದೇಶದ ಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಲಿ. ಹಾಗಾದರೆ ಉಳ್ಳವರು, ಅಧಿಕಾರ ಇರುವವರು ಸರ್ಕಾರಿ ಶಾಲೆಯ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕಾಗುತ್ತದೆ. ಸಾಮಾನ್ಯ ಜನರ ಬದುಕಿನ ಜೊತೆ ಬೆರೆಯದ ಶಿಕ್ಷಣ ಒಳ್ಳೆಯ ಶಿಕ್ಷಣವೇ ಅಲ್ಲ ಅಂತಲೂ ಆಯೋಗ ಹೇಳಿತು. ನಾವು ವರದಿಯನ್ನು ಹೊಗಳಿ ಕಪಾಟಿಗೆ ಸೇರಿಸಿದೆವು. 2015ರಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕು ಅಂದಾಗ ಪತ್ರಿಕೆ ಮಂದಿ ನಾವೆಲ್ಲ ಮುಖಪುಟದಲ್ಲಿ ಹಾಕಿದೆವು. ಜಾರಿಗೆ ಬರಲಿಲ್ಲ.

ನಮ್ಮಲ್ಲಿ ಗೆರೆಯೇ ಇಲ್ಲ ಅಂತ ತಿಳಿಯಬೇಡಿ. ಇಲ್ಲಿ ಮೈಸೂರಿನಲ್ಲಿ ನಮ್ಮ ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳು 2018ರಲ್ಲಿ ಆಧಾರ್ ಕಾರ್ಡನ್ನು ಹಾಲಿನ ಕವರಿನಲ್ಲಿ ಸುತ್ತಿಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ನೂರಕ್ಕೆ ಇಪ್ಪತ್ತೈದು ಸೀಟನ್ನು ಬಡಮಕ್ಕಳಿಗೆ ಬಿಡಬೇಕಲ್ಲ, ಮಗಳಿಗೆ ಅದರ ಅರ್ಜಿ ತುಂಬಿಸಬೇಕಿತ್ತು. ಅವಳ ಮನೆ ಹೊಸ್ತಿಲಲ್ಲಿ ನಿಂತರೆ ಒಂದು ಶಾಲೆಯ ಗೇಟು ಕಾಣುತ್ತದೆ, ಬೆಲ್ಲು ಕೇಳುತ್ತದೆ. ಆದರೆ ವಾರ್ಡಿನ ಗಡಿ ರಸ್ತೆಯ ನಡುವೆ ಹಾದುಹೋಗಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಶಾಲೆಯ ಹೆಸರೇ ಬರಲಿಲ್ಲ. "ಸಾರ್, ಇನ್ನೊಂದು ಸಲ ಒತ್ತಿ ನೋಡಿ" ಅಂದಳು. ಒತ್ತಿದೆ. ಬರಲಿಲ್ಲ. ಅವಳು ಮೆರವಣಿಗೆ ಮಾಡಲಿಲ್ಲ. ಟೀ ಶರ್ಟು ಮಾಡಿಸಲಿಲ್ಲ. ಕಾರ್ಡನ್ನು ಮತ್ತೆ ಕವರಿನಲ್ಲಿ ಸುತ್ತಿಕೊಂಡು ಅಂಟು ಹಚ್ಚೋಕೆ ಕೂತಳು.

ಮುಂದಿನ ವರ್ಷ ಆ ಪಟ್ಟಿಯೂ ಸಣ್ಣದಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ ಅಂತ ನಮ್ಮ ರಾಜ್ಯ ನಿಯಮ ಬದಲಿಸಿತು. ಹೈಕೋರ್ಟೂ ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಪಕ್ಕದಲ್ಲೇ ಇರುವಾಗ ಖಾಸಗಿಯವರಿಗೆ ಯಾಕೆ ದುಡ್ಡು ಕೊಡಬೇಕು ಅನ್ನುವ ಮಾತು ಸರಿ. ಆದರೆ ಬಡವರ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿದ ಹಾಗೆ ಉಳ್ಳವರ ಮಕ್ಕಳನ್ನೂ ಅಲ್ಲಿಗೆ ಕರೆತರೋಕೆ ಯಾರು ಏನು ಮಾಡಿದರು? ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ಹನ್ನೊಂದು ಹಳದಿ ಬಸ್ಸು, ವ್ಯಾನು ಬರುತ್ತವೆ. ಇನ್ನೂರು ಹೆಜ್ಜೆ ದೂರದಲ್ಲಿ ಸರ್ಕಾರಿ ಶಾಲೆ ಇದೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಓದಿದರು. ಆ ಬಸ್ಸುಗಳಲ್ಲಿ ಒಂದೂ ಅಲ್ಲಿ ನಿಲ್ಲುವುದಿಲ್ಲ. ಕನ್ನಡ ಶಾಲೆ ಮುಚ್ಚುತ್ತಿವೆ ಅಂತ ನವೆಂಬರಿನಲ್ಲಿ ಭಾಷಣ ಮಾಡುವವರ ಮಕ್ಕಳೂ ಅದೇ ಬಸ್ಸುಗಳಲ್ಲಿ ಕೂತಿರುತ್ತಾರೆ. ಇದು ನನ್ನ ಇಪ್ಪತ್ತು ವರ್ಷದ ಸಂಕಟ, ತಂಗಿ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ. ನಿಮ್ಮ ಗೆರೆಯನ್ನು ಎಲ್ಲರೆದುರು ನಕ್ಷೆ ಹರಡಿ, ನಿಮ್ಮ ಮಾತು ಕೇಳಿ ಎಳೆದರು. ನಮ್ಮಲ್ಲಿ ಗೆರೆ ಎಳೆಯುವುದು ಫೀಸು. ಅದಕ್ಕೆ ಅಹವಾಲು ಸಭೆ ಇಲ್ಲ.

ಚಿಕ್ಕವಳ ಬಗ್ಗೆ ಕೇಳಿದ್ದೀರಿ. ಜನ ಬೆಳೆದ ಹಾಗೆ ಶಾಲೆ ಬೇಕಾಗುತ್ತದೆ, ಶಾಲೆ ಬಂದಾಗ ಗೆರೆ ಸರಿಯುತ್ತದೆ. 2023ರಲ್ಲಿ ನಿಮ್ಮಲ್ಲಿ ಹೊಸ ಹೈಸ್ಕೂಲು ತೆರೆದಾಗಲೂ ಗೆರೆ ಸರಿಯಿತು. ನಾಳೆ ನಿಮ್ಮ ಪಾಲಿಗಾನ್ ನಂಬರು ಬಂದರೆ ಸಭೆಗೆ ಖಂಡಿತ ಹೋಗಿ. ಬಸ್ಸು ಎಷ್ಟು ಹೊತ್ತು ಹಿಡಿಯುತ್ತದೆ, ಅಲ್ಲಿ ಸಂಗೀತದ ಮೇಷ್ಟ್ರು ಇದ್ದಾರೆಯೇ ಅಂತ ಜೋರಾಗಿಯೇ ಕೇಳಿ. ಅಂಥ ಪ್ರಶ್ನೆ ಕೇಳುವ ತಾಯಂದಿರು ಬೇಕು. ನಮ್ಮ ಪಟೇಲರು ಮಾಡಿದ್ದೂ ಅದನ್ನೇ.

ಪತ್ರದ ಒಂದು ಸಾಲನ್ನು ಮೇಲಿನ ಸಾರದಲ್ಲಿ ಹಾಕದೆ ಉಳಿಸಿಕೊಂಡಿದ್ದೆ. ಎರಡನೇ ಪುಟದ ಕೊನೆಗೆ, ಸಹಿಯ ಕೆಳಗೆ, ಚಿಕ್ಕ ಅಕ್ಷರದಲ್ಲಿ ಬರೆದಿದ್ದೀರಿ. "ಕೋವಿಡ್ಡಿನಿಂದ ಹೊಸ ಶಾಲೆಯ ಮೊದಲ ವರ್ಷ ಬಹುಪಾಲು ಲ್ಯಾಪ್‌ಟಾಪಿನಲ್ಲೇ ಕಳೆಯಿತು. ಆಮೇಲೆ ಅಲ್ಲಿಗೇ ಹೊಂದಿಕೊಂಡ. ಈಗ ಕಾಲೇಜಿನಿಂದ ರಜೆಗೆ ಬಂದರೆ ಬ್ಯಾಗು ಇಟ್ಟು ಮೊದಲು ಓಡುವುದು ಆ ಕಡೆಯ ಹುಡುಗರ ಮನೆಗೇ." ಅಲ್ಲಿ ಹೋಗಿ ಏನು ಮಾಡುತ್ತಾನೆ, ಏನು ತಿನ್ನುತ್ತಾನೆ, ಆ ಹುಡುಗರ ತಾಯಂದಿರನ್ನು ನೀವು ಕಂಡಿದ್ದೀರಾ, ಒಂದನ್ನೂ ಬರೆದಿಲ್ಲ. ಅವನನ್ನೇ ಕೂರಿಸಿಕೊಂಡು ಕೇಳಿ. ಎರಡು ಪುಟ ಆದರೂ ಸರಿ, ನಾಲ್ಕಾದರೂ ಸರಿ. ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.